ಫಿನ್ನಿಷ್ ಕಲಿಯೋಕೆ ಯಾವ ಕೋರ್ಸ್? ಮೊದಲನೇದು ಸೇರುವ ಮುಂಚೆ ಎರಡನೇದು ಎಲ್ಲಿದೆ ಅಂತ ನೋಡಿ

(ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ಸಂಕ್ಷೇಪಿಸಲಾಗಿದೆ.)

ಈ ವಾರದ ಸಂಚಿಕೆ ಫಿನ್‌ಲ್ಯಾಂಡ್‌ನಲ್ಲಿ ಇರೋ, ಇಲ್ಲಾ ಅಲ್ಲಿಗೆ ಹೊರಟು ನಿಂತಿರೋ ಕನ್ನಡಿಗರಿಗೆ. ಬೆಂಗಳೂರಿನಿಂದ ಹೆಲ್ಸಿಂಕಿ, ಎಸ್ಪೋ, ತಂಪೆರೆ ಕಡೆಗೆ ಐಟಿ ಕೆಲಸದ ಮೇಲೆ ಹೋಗುವವರು ಕಡಿಮೆಯೇನಿಲ್ಲ. ಫಿನ್‌ಲ್ಯಾಂಡ್‌ನಲ್ಲಿ ತಜ್ಞ ವರ್ಗದ ಕೆಲಸದ ಪರವಾನಗಿ ಪಡೆಯುವವರಲ್ಲಿ ಭಾರತೀಯರು ಮೊದಲ ಸಾಲಿನಲ್ಲೇ ಇದ್ದಾರೆ. ಅವರ ಜೊತೆ ಹೆಂಡತಿಯೋ ಗಂಡನೋ ಮಕ್ಕಳೋ ಹೋಗ್ತಾರೆ. ಹೋದ ಸ್ವಲ್ಪ ದಿನಕ್ಕೆ ಎಲ್ಲರೂ ಕೇಳೋ ಪ್ರಶ್ನೆ ಒಂದೇ: "ಫಿನ್ನಿಷ್‌ಗೆ ಒಳ್ಳೇ ಕೋರ್ಸ್ ಯಾವುದು?"

ಈ ಪ್ರಶ್ನೆಗೆ ಒಂದೇ ಉತ್ತರ ಇಲ್ಲ. ಒಬ್ಬರಿಗೆ ಹೇಳಿ ಮಾಡಿಸಿದಂತಿರೋ ಕೋರ್ಸ್ ಇನ್ನೊಬ್ಬರಿಗೆ ಬರೀ ಕಾಲಹರಣ. ಆದ್ರೆ ಆರಿಸೋದು ಹೇಗೆ ಅನ್ನೋದಕ್ಕೆ ಒಂದು ಕ್ರಮ ಇದೆ. ಇವತ್ತು ಅದನ್ನೇ ನೋಡೋಣ.

ಮೊದಲು ಒಂದು ಮಾತು. "ಅಲ್ಲಿ ಎಲ್ಲರಿಗೂ ಇಂಗ್ಲಿಷ್ ಬರತ್ತಲ್ಲ, ಫಿನ್ನಿಷ್ ಯಾಕೆ?" ಅಂತ ಕೇಳುವವರಿದ್ದಾರೆ. ಅಂಗಡಿ, ಬಸ್ಸು, ಆಫೀಸಿನ ಮೀಟಿಂಗ್, ಇಷ್ಟಕ್ಕೆಲ್ಲ ಇಂಗ್ಲಿಷ್ ನಡೆಯತ್ತೆ. ಆದ್ರೆ ಅಪಾರ್ಟ್‌ಮೆಂಟ್ ನೋಟಿಸು, ಶಾಲೆಯಿಂದ ಬರೋ ಸಂದೇಶ, ಐಟಿ ಬಿಟ್ಟು ಬೇರೆ ಕ್ಷೇತ್ರದ ಕೆಲಸದ ಜಾಹೀರಾತು, ಊಟದ ಬಿಡುವಿನಲ್ಲಿ ಸಹೋದ್ಯೋಗಿಗಳು ಆಡುವ ಮಾತು, ಇವೆಲ್ಲ ಹೆಚ್ಚಾಗಿ ಫಿನ್ನಿಷ್‌ನಲ್ಲೇ. ಇಂಗ್ಲಿಷ್ ನಿಮ್ಮನ್ನು ಬಾಗಿಲ ತನಕ ಕರ್ಕೊಂಡು ಹೋಗತ್ತೆ. ನಡುಮನೆಗೆ ಹೋಗೋಕೆ ಫಿನ್ನಿಷ್ ಬೇಕು.

ಮೊದಲ ಪ್ರಶ್ನೆ: ಯಾತಕ್ಕೆ ಬೇಕು?

ಕೋರ್ಸ್ ಹುಡುಕೋ ಮುಂಚೆ ಒಂದು ಹಾಳೆ ತಗೊಂಡು ಬರೀರಿ: ನನಗೆ ಫಿನ್ನಿಷ್ ಯಾತಕ್ಕೆ ಬೇಕು? ಸಾಮಾನ್ಯವಾಗಿ ಮೂರು ಕಾರಣ ಇರತ್ತೆ. ಕಾಗದ ಪತ್ರಕ್ಕೆ, ಕೆಲಸಕ್ಕೆ, ದಿನನಿತ್ಯದ ಬದುಕಿಗೆ.

ಕಾಗದ ಪತ್ರದ ವಿಷಯ ಮೊದಲು ನೋಡೋಣ, ಯಾಕಂದ್ರೆ ಅಲ್ಲಿ ನಿಯಮ ಬಿಗಿಯಾಗಿದೆ. ಪೌರತ್ವಕ್ಕೆ ಮುಂಚೆ ಸಾಮಾನ್ಯವಾಗಿ 5 ವರ್ಷ ವಾಸ ಸಾಕಿತ್ತು. 2024ರ ಅಕ್ಟೋಬರ್‌ನಿಂದ ಅದು 8 ವರ್ಷ ಆಯ್ತು. ಅದರ ಜೊತೆ ಫಿನ್ನಿಷ್ ಅಥವಾ ಸ್ವೀಡಿಷ್ ಬರಬೇಕು ಅನ್ನೋ ಷರತ್ತು ಮೊದಲಿನಿಂದಲೂ ಇದೆ. ಶಾಶ್ವತ ವಾಸದ ಪರವಾನಗಿಗೆ ಮೊದಲು ಭಾಷೆ ಕೇಳ್ತಿರಲಿಲ್ಲ. 2026ರ ಜನವರಿಯಿಂದ ಸಾಮಾನ್ಯ ದಾರಿಯಲ್ಲಿ ಅರ್ಜಿ ಹಾಕುವವರು 6 ವರ್ಷದ ವಾಸ, 2 ವರ್ಷದ ಕೆಲಸದ ಜೊತೆಗೆ ಭಾಷಾಜ್ಞಾನವನ್ನೂ ತೋರಿಸಬೇಕು. ಈ ನಿಯಮಗಳು ಇತ್ತೀಚೆಗೆ ಪದೇ ಪದೇ ಬದಲಾಗ್ತಿವೆ. ಹಾಗಾಗಿ ಅರ್ಜಿ ಹಾಕೋ ಮುಂಚೆ ವಲಸೆ ಇಲಾಖೆ ಮಿಗ್ರಿಯ ಪುಟವನ್ನು ನೀವೇ ಒಮ್ಮೆ ಓದಿ.

ಭಾಷೆ ಬರತ್ತೆ ಅಂತ ತೋರಿಸೋಕೆ ಹೆಚ್ಚಿನವರು ಬರೆಯೋ ಪರೀಕ್ಷೆಗೆ 'ಯುಕಿ' ಅಂತ ಹೆಸರು. ಅದು ರಾಷ್ಟ್ರಮಟ್ಟದ ಭಾಷಾ ಪರೀಕ್ಷೆ. 1ರಿಂದ 6ರ ತನಕ ಮಟ್ಟಗಳಿವೆ. ಪರೀಕ್ಷೆಗಳು ಮೂರು: 1 ಮತ್ತು 2ಕ್ಕೆ ಮೂಲಮಟ್ಟದ್ದು, 3 ಮತ್ತು 4ಕ್ಕೆ ನಡುಮಟ್ಟದ್ದು, 5 ಮತ್ತು 6ಕ್ಕೆ ಮೇಲ್ಮಟ್ಟದ್ದು. ಪೌರತ್ವಕ್ಕೆ ಬೇಕಾಗೋದು 3ನೇ ಮಟ್ಟ. ಯುರೋಪಿನ ಭಾಷಾ ಮಾಪನದಲ್ಲಿ ಹೇಳೋದಾದ್ರೆ ಬಿ1. ಅಂದ್ರೆ ನಿತ್ಯದ ವಿಷಯ ಕೇಳಿ ಅರ್ಥ ಮಾಡ್ಕೊಂಡು, ತಪ್ಪಿದ್ರೂ ಸರಿ, ನಿಮ್ಮ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸೋ ಮಟ್ಟ. ಈ 'ಬಿ1' ನೆನಪಿಟ್ಕೊಳ್ಳಿ, ಮುಂದೆ ಮತ್ತೆ ಮತ್ತೆ ಬರತ್ತೆ.

ಎರಡನೇ ಕಾರಣ ಕೆಲಸ. ನರ್ಸಿಂಗ್ ಓದಿ ಹೋದವರಿಗೆ ಅಲ್ಲಿ ವೃತ್ತಿ ಪರವಾನಗಿ ಸಿಗೋಕೂ ಭಾಷೆ ಬೇಕು. ಅಕೌಂಟ್ಸ್, ಶಿಕ್ಷಣ, ಮಾರಾಟ ಈ ಥರದ ಕ್ಷೇತ್ರಗಳಲ್ಲಿ ನಿಯಮ ಇರಲಿ ಬಿಡಲಿ, ಗ್ರಾಹಕರು ಮಾತಾಡೋದು ಫಿನ್ನಿಷ್. ಅಲ್ಲಿ ಬಿ1 ಅನ್ನೋದು ಆರಂಭ ಮಾತ್ರ.

ಮೂರನೇದು ಬದುಕು. ಪಕ್ಕದ ಮನೆಯವರ ಜೊತೆ ನಾಲ್ಕು ಮಾತು, ಡೇಕೇರ್ ಟೀಚರ್ ಹೇಳಿದ್ದು ಅರ್ಥ ಆಗೋದು. ಇದಕ್ಕೆ ಪರೀಕ್ಷೆ ಬೇಡ. ಆದ್ರೆ ಪುಸ್ತಕದ ವ್ಯಾಕರಣಕ್ಕಿಂತ ಆಡುಮಾತಿನ ಅಭ್ಯಾಸ ಬೇಕು.

ಮೂರಕ್ಕೂ ಬೇಕಾದ ಕೋರ್ಸ್ ಬೇರೆ ಬೇರೆ. ಇದು ಸ್ಪಷ್ಟವಾದ್ರೆ ಅರ್ಧ ಕೆಲಸ ಮುಗೀತು.

ಎರಡನೇ ಪ್ರಶ್ನೆ: ಎಷ್ಟು ಗಂಟೆ?

ನಾನು ಓದಿದ್ದು ಕಾಮರ್ಸ್. ಹಾಗಾಗಿ ಒಂದು ಲೆಕ್ಕ ಹಾಕದೆ ಬಿಡಲ್ಲ.

ಅಮೆರಿಕದ ರಾಜತಾಂತ್ರಿಕರಿಗೆ ಭಾಷೆ ಕಲಿಸೋ ಸರ್ಕಾರಿ ಸಂಸ್ಥೆ ಒಂದಿದೆ. ಅದು ಫಿನ್ನಿಷ್ ಭಾಷೆಯನ್ನು ಕಷ್ಟದ ಭಾಷೆಗಳ ಗುಂಪಿಗೆ ಸೇರಿಸಿದೆ. ಇಂಗ್ಲಿಷ್ ಮಾತೃಭಾಷೆಯವರು ಕೆಲಸಕ್ಕೆ ಬೇಕಾದಷ್ಟು ಫಿನ್ನಿಷ್ ಕಲಿಯೋಕೆ 44 ವಾರ, ಸುಮಾರು 1100 ಗಂಟೆ ತರಗತಿ ಬೇಕು ಅಂತ ಅದರ ಅಂದಾಜು. ಆ ಮಟ್ಟ ಬಿ1ಗಿಂತ ಎಷ್ಟೋ ಮೇಲೆ. ನಮಗೆ ಅದರ ಅರ್ಧಕ್ಕಿಂತ ಕಡಿಮೆ, 480 ಗಂಟೆ ಸಾಕು ಅಂತ ಲೆಕ್ಕಕ್ಕೋಸ್ಕರ ಇಟ್ಕೊಳ್ಳೋಣ.

ಈಗ ನೀವು ಸಂಜೆ ಕೋರ್ಸ್ ಒಂದಕ್ಕೆ ಸೇರ್ತೀರಿ. ವಾರಕ್ಕೆ ಒಂದು ಸಂಜೆ, 2 ಗಂಟೆ, 12 ವಾರ. ಒಟ್ಟು 24 ಗಂಟೆ. ವರ್ಷಕ್ಕೆ ಎರಡು ಸಲ ಅಂದ್ರೆ 48. ಈ ವೇಗದಲ್ಲಿ 480 ಗಂಟೆ ಮುಗಿಯೋಕೆ 10 ವರ್ಷ. ಪೌರತ್ವಕ್ಕೆ ಅರ್ಹರಾಗೋ 8 ವರ್ಷ ಕಳೆದ ಮೇಲೂ ನೀವು ಇನ್ನೂ ತರಗತಿಯಲ್ಲೇ ಕೂತಿರ್ತೀರಿ.

ಅದೇ ವಾರಕ್ಕೆ ಎರಡು ಸಂಜೆ ತರಗತಿ, ಅಂದ್ರೆ 4 ಗಂಟೆ. ಅದರ ಜೊತೆ ಮನೆಯಲ್ಲಿ, ಬಸ್ಸಿನಲ್ಲಿ ಸೇರಿಸಿ ಇನ್ನೊಂದು 4 ಗಂಟೆ. ವರ್ಷಕ್ಕೆ 40 ವಾರ ಹಿಡಿದ್ರೆ 320 ಗಂಟೆ. ಒಂದೂವರೆ ವರ್ಷಕ್ಕೆ 480 ಮುಗೀತು. ಕೋರ್ಸ್ ಒಂದೇ, ಪುಸ್ತಕ ಒಂದೇ, ವೇಗ ಮಾತ್ರ ಬೇರೆ.

ಇನ್ನೊಂದು ಸಣ್ಣ ವಿಷಯ: ಅಲ್ಲಿನ ಕೋರ್ಸ್ ವಿವರದಲ್ಲಿ 'ಒಪ್ಪಿತುಂತಿ' ಅಂತ ಇದ್ರೆ ಅದು ಪಾಠದ ಗಂಟೆ, 45 ನಿಮಿಷದ್ದು. 40 ಪಾಠದ ಗಂಟೆ ಅಂದ್ರೆ ಗಡಿಯಾರದಲ್ಲಿ 30 ಗಂಟೆ. ಎರಡು ಕೋರ್ಸ್‌ಗಳ ಶುಲ್ಕ ಹೋಲಿಸುವಾಗ ಇದನ್ನು ನೋಡ್ಕೊಳ್ಳಿ.

ಏಣಿಯ ಮೊದಲ ಮೆಟ್ಟಿಲಲ್ಲೇ ನಿಂತುಬಿಡೋದು

ಫಿನ್ನಿಷ್ ಕೋರ್ಸ್‌ಗಳಿಗೆ ಎ1, ಎ2, ಬಿ1 ಅಂತ ಮಟ್ಟ ಹಾಕಿರ್ತಾರೆ. ಅದರೊಳಗೂ ಎ1.1, ಎ1.2, ಎ1.3, ಎ2.1 ಅಂತ ಸಣ್ಣ ಸಣ್ಣ ಮೆಟ್ಟಿಲುಗಳು. ಬರೀ 'ಎ1 ಮುಗಿಸಿದೆ' ಅಂದ್ರೆ ಸಾಲದು, ಯಾವ ಎ1 ಅನ್ನೋದೂ ಗೊತ್ತಿರಬೇಕು.

ಹೊಸಬರಿಗೆ ಶುರುವಿನ ಕೋರ್ಸ್ ಎಲ್ಲೆಲ್ಲೂ ಸಿಗತ್ತೆ. ಮೇಲೆ ಹೋದ ಹಾಗೆ ಆಯ್ಕೆ ಕಡಿಮೆ. ನಿಮಗೆ ಬೇಕಾದ ಎ2.1 ತರಗತಿ ನಿಮ್ಮ ಆಫೀಸಿನ ಸಮಯದಲ್ಲೇ ಇರಬಹುದು, ಊರಿನ ಇನ್ನೊಂದು ತುದಿಯಲ್ಲಿ ಇರಬಹುದು, ಸೀಟು ತುಂಬಿರಬಹುದು. ಆಗ ಏನಾಗತ್ತೆ? ಒಂದು ಟರ್ಮ್ ಬಿಟ್ಟುಹೋಗತ್ತೆ. ಕಲಿತದ್ದು ಮರೆತುಹೋಗತ್ತೆ. ಮುಂದಿನ ಸಲ ಮತ್ತೆ ಎ1.1ಕ್ಕೇ ಸೇರೋದು. ಹೀಗೆ ನಾಲ್ಕು ವರ್ಷದಲ್ಲಿ ಮೂರು ಸಲ ನಮಸ್ಕಾರ, ನನ್ನ ಹೆಸರು ಇಂಥದ್ದು, ನಾನು ಭಾರತದವನು ಅಂತ ಕಲಿತು ಅಲ್ಲೇ ನಿಂತವರು ಎಷ್ಟೋ ಜನ. ಅವರಿಗೆ ಬುದ್ಧಿ ಕಡಿಮೆ ಅಂತಲ್ಲ. ಮುಂದಿನ ಮೆಟ್ಟಿಲು ಎಲ್ಲಿದೆ ಅಂತ ಮೊದಲೇ ನೋಡಿರಲಿಲ್ಲ, ಅಷ್ಟೇ.

ಹಾಗಾಗಿ ಇವತ್ತಿನ ಸಂಚಿಕೆಯಲ್ಲಿ ಒಂದೇ ಒಂದು ಮಾತು ನೆನಪಿಡೋದಾದ್ರೆ ಇದನ್ನು ಇಟ್ಕೊಳ್ಳಿ: ಮೊದಲ ಕೋರ್ಸ್‌ಗೆ ದುಡ್ಡು ಕಟ್ಟೋ ಮುಂಚೆ, ಅದೇ ಸಂಸ್ಥೆಯಲ್ಲಿ ಅದರ ಮುಂದಿನ ಎರಡು ಕೋರ್ಸ್ ಯಾವಾಗ, ಯಾವ ಹೊತ್ತಿನಲ್ಲಿ ಇದೆ ಅಂತ ವಿಚಾರಿಸಿ. ಅಲ್ಲಿ ಇಲ್ಲದಿದ್ರೆ ಬೇರೆ ಎಲ್ಲಿ ಮುಂದುವರಿಸೋದು ಅಂತ ಈಗಲೇ ಗೊತ್ತುಮಾಡ್ಕೊಳ್ಳಿ.

ಎಲ್ಲೆಲ್ಲಿ ಕಲಿಸ್ತಾರೆ?

ಈಗ ಬಾಗಿಲುಗಳನ್ನು ಒಂದೊಂದಾಗಿ ನೋಡೋಣ.

ಮೊದಲನೇದು ಸರ್ಕಾರದ ತರಬೇತಿ, 'ಕೊತೌತುಮಿಸ್‌ಕೌಲುತುಸ್'. ಹೆಸರು ಉದ್ದ. ಅರ್ಥ ಇಷ್ಟೇ: ವಲಸೆ ಬಂದವರು ಅಲ್ಲಿನ ಸಮಾಜಕ್ಕೆ ಹೊಂದಿಕೊಳ್ಳೋಕೆ ಕೊಡೋ ತರಬೇತಿ. ಭಾಷೆ, ಸಮಾಜದ ಪರಿಚಯ, ಕೆಲಸದ ಜಗತ್ತಿನ ಪರಿಚಯ ಎಲ್ಲ ಸೇರಿರತ್ತೆ. ವಾರದ ದಿನಗಳಲ್ಲಿ ಹಗಲು ಹೊತ್ತಿನ ಪೂರ್ಣಾವಧಿ ತರಗತಿ, ಶುಲ್ಕ ಇಲ್ಲ, ಗುರಿ ಬಿ1ರ ಹತ್ತಿರ. ಮುಖ್ಯವಾಗಿ ಕೆಲಸ ಹುಡುಕ್ತಿರೋ ನಿರುದ್ಯೋಗಿ ವಲಸಿಗರಿಗೆ ಅಂತ ಇದು. ಮೊದಲು ಪರಿಸ್ಥಿತಿ ನೋಡಿ, ಒಂದು ವೈಯಕ್ತಿಕ ಯೋಜನೆ ಬರೆದು, ಅದರ ಪ್ರಕಾರ ಕಳಿಸ್ತಾರೆ. 2025ರ ಜನವರಿಯಲ್ಲಿ ಹೊಸ ಕಾನೂನು ಬಂದ ಮೇಲೆ ಇದರ ಜವಾಬ್ದಾರಿ ನಗರಸಭೆ, ಪುರಸಭೆಗಳಿಗೆ ಸೇರಿದೆ. ಹಳೆಯ ಟಿಇ ಆಫೀಸುಗಳ ಉದ್ಯೋಗ ಸೇವೆಯೂ ಅವತ್ತಿನಿಂದಲೇ ಅವಕ್ಕೆ ಹೋಯ್ತು. ಯಾರಾದ್ರೂ "ಟಿಇ ಆಫೀಸಿಗೆ ಹೋಗು" ಅಂತ ಹಳೇ ಸಲಹೆ ಕೊಟ್ರೆ, ನೀವು ನಿಮ್ಮ ಊರಿನ ಉದ್ಯೋಗ ಸೇವೆಯನ್ನೇ ಕೇಳಿ.

ಸಂಗಾತಿಯ ಕೆಲಸದ ಮೇಲೆ ಕುಟುಂಬ ಪರವಾನಗಿಯಲ್ಲಿ ಹೋಗಿ ಮನೆಯಲ್ಲಿರುವವರು ಇದನ್ನು ಮೊದಲು ವಿಚಾರಿಸಬೇಕು. ಕೆಲಸ ಇಲ್ಲ ಅಂತ ನೋಂದಾಯಿಸಿಕೊಳ್ಳೋದು ಅವಮಾನ ಅಂತ ನಮ್ಮ ಕಡೆ ಕೆಲವರಿಗೆ ಅನ್ನಿಸತ್ತೆ. ಅಲ್ಲಿ ಅದು ಮಾಮೂಲಿ ವ್ಯವಹಾರ. ಈ ಅವಕಾಶ ಹೋದ ಮೊದಲ ಕೆಲವು ವರ್ಷಗಳಿಗೆ ಸೇರಿದ್ದು. ಹಾಗಾಗಿ "ಮಗು ಸ್ವಲ್ಪ ದೊಡ್ಡದಾಗಲಿ, ಆಮೇಲೆ ನೋಡೋಣ" ಅಂತ ತಳ್ಳೋ ಮುಂಚೆ, ನಿಮಗೆ ಎಷ್ಟು ಸಮಯ ಇದೆ ಅಂತ ಕೇಳಿಕೊಳ್ಳಿ. ಮನೆಯಲ್ಲಿ ಮಗು ನೋಡಿಕೊಳ್ಳುವವರ ಬಗ್ಗೆಯೂ ಹೊಸ ಕಾನೂನು ಪುರಸಭೆಗಳಿಗೆ ಜವಾಬ್ದಾರಿ ಕೊಟ್ಟಿದೆ.

ಎರಡನೇದು 'ಕನ್ಸಲೈಸ್‌ಒಪಿಸ್ತೊ'. ಊರಿನವರಿಗೆಲ್ಲ ತೆರೆದಿರೋ ವಯಸ್ಕರ ಕಲಿಕಾ ಕೇಂದ್ರ. ಕೆಲವು ಕಡೆ 'ತ್ಯೊವ್ಯಾಎನ್‌ಒಪಿಸ್ತೊ', ಅಂದ್ರೆ ಕಾರ್ಮಿಕರ ಶಾಲೆ ಅನ್ನೋ ಹಳೇ ಹೆಸರಲ್ಲೇ ಕರೀತಾರೆ. ಹೊಲಿಗೆ, ಗಿಟಾರ್, ಅಡುಗೆ ಕಲಿಸೋ ಜಾಗದಲ್ಲೇ ಫಿನ್ನಿಷ್ ತರಗತಿಯೂ ಇರತ್ತೆ. ಶುಲ್ಕ ಖಾಸಗಿ ಶಾಲೆಗಿಂತ ಸಾಕಷ್ಟು ಕಡಿಮೆ, ಸಂಜೆ ತರಗತಿಗಳು ಹೆಚ್ಚು, ಪರವಾನಗಿ ಯಾವ ಥರದ್ದು ಅಂತ ಕೇಳಲ್ಲ. ಕೆಲಸ ಮಾಡುವವರಿಗೆ ಇದೇ ಹೆದ್ದಾರಿ. ಕಷ್ಟ ಒಂದೇ, ಸೀಟು ಬೇಗ ತುಂಬತ್ತೆ. ತರಗತಿಗಳು ಸಾಮಾನ್ಯವಾಗಿ ಸೆಪ್ಟೆಂಬರ್ ಮತ್ತು ಜನವರಿಯಲ್ಲಿ ಶುರು, ನೋಂದಣಿ ಅದಕ್ಕಿಂತ ಮುಂಚೆಯೇ ತೆರೆಯತ್ತೆ. ನೋಂದಣಿ ತೆರೆಯೋ ದಿನ, ಗಂಟೆ ಎರಡನ್ನೂ ಫೋನಿನಲ್ಲಿ ಅಲಾರಂ ಇಟ್ಕೊಳ್ಳಿ. ನಮ್ಮಲ್ಲಿ ತತ್ಕಾಲ್ ಟಿಕೆಟ್ ಬುಕ್ ಮಾಡಿ ಪಳಗಿದವರಿಗೆ ಇದು ಹೊಸದೇನಲ್ಲ! ತುಂಬಿದ್ರೂ ಬಿಡಬೇಡಿ, ಕಾಯುವ ಪಟ್ಟಿಗೆ ಹೆಸರು ಹಾಕಿ. ಮೊದಲ ವಾರಗಳಲ್ಲಿ ಬಿಟ್ಟುಹೋಗುವವರು ಇದ್ದೇ ಇರ್ತಾರೆ.

ಮೂರನೇದು ಬೇಸಿಗೆ ವಿಶ್ವವಿದ್ಯಾಲಯ ಮತ್ತು ಮುಕ್ತ ವಿಶ್ವವಿದ್ಯಾಲಯ. 'ಬೇಸಿಗೆ' ಅಂತ ಹೆಸರಿದ್ರೂ ಹಲವು ಕಡೆ ವರ್ಷವಿಡೀ ಕೋರ್ಸ್ ಇರತ್ತೆ. ವೇಗ ಜಾಸ್ತಿ, ಮನೆಕೆಲಸ ಜಾಸ್ತಿ. ಬೇರೆ ಕಡೆ ಒಂದು ಟರ್ಮ್ ಹಿಡಿಯೋದನ್ನು ಇಲ್ಲಿ ಕೆಲವೇ ವಾರದಲ್ಲಿ ಮುಗಿಸೋ ಇಂಟೆನ್ಸಿವ್ ತರಗತಿಗಳೂ ಸಿಗತ್ತೆ. ಟರ್ಮ್ ಮಧ್ಯೆ ಬಿಟ್ಟುಹೋದ ಮೆಟ್ಟಿಲು ಹತ್ತೋಕೆ ಇದು ಒಳ್ಳೇದು. ಅಲ್ಲೇ ಡಿಗ್ರಿ ಓದ್ತಿರೋ ವಿದ್ಯಾರ್ಥಿಗಳು ಮಾತ್ರ ಬೇರೆಲ್ಲೂ ದುಡ್ಡು ಕೊಡೋ ಮುಂಚೆ ತಮ್ಮ ವಿಶ್ವವಿದ್ಯಾಲಯದ ಭಾಷಾ ಕೇಂದ್ರವನ್ನು ಕೇಳಬೇಕು. ಕ್ರೆಡಿಟ್ ಸಮೇತ ಅಲ್ಲೇ ಕಲಿಸ್ತಾರೆ. ಓದು ಮುಗಿಯೋ ಕೊನೆಯ ವರ್ಷಕ್ಕೆ ಇದನ್ನು ಇಟ್ಕೊಂಡ್ರೆ ಆಗ ಥೀಸಿಸ್, ಕೆಲಸದ ಹುಡುಕಾಟ, ಫಿನ್ನಿಷ್ ಮೂರೂ ಒಟ್ಟಿಗೆ ತಲೆ ಮೇಲೆ ಬೀಳತ್ತೆ.

ನಾಲ್ಕನೇದು ಕಂಪನಿ. ಹಲವು ಕಂಪನಿಗಳು ಉದ್ಯೋಗಿಗಳಿಗೆ ಫಿನ್ನಿಷ್ ಪಾಠ ಏರ್ಪಡಿಸ್ತವೆ. ಉದ್ಯೋಗ ಸೇವೆ ಮತ್ತು ಕಂಪನಿ ಸೇರಿ ಖರ್ಚು ಹಂಚಿಕೊಳ್ಳೋ ವ್ಯವಸ್ಥೆಯೂ ಇದೆ. ಎಚ್ಆರ್‌ನವರನ್ನು ಕೇಳೋಕೆ ಸಂಕೋಚ ಬೇಡ. ಎರಡು ಪ್ರಶ್ನೆ ಕೇಳಿ: ಪಾಠ ಕೆಲಸದ ಸಮಯದಲ್ಲಾ, ಹೊರಗಾ? ಎಲ್ಲ ಮಟ್ಟದವರನ್ನೂ ಒಂದೇ ಗುಂಪಿಗೆ ಹಾಕ್ತೀರಾ? ಎರಡನೇದಕ್ಕೆ ಉತ್ತರ 'ಹೌದು' ಅಂತಾದ್ರೆ ಅದನ್ನು ಅಭ್ಯಾಸಕ್ಕೆ ಇಟ್ಕೊಳ್ಳಿ, ಮುಖ್ಯ ಕೋರ್ಸ್ ಬೇರೆ ಕಡೆ ಮಾಡಿ.

ಐದನೇದು ಖಾಸಗಿ ಶಾಲೆ ಮತ್ತು ಆನ್‌ಲೈನ್ ಟೀಚರ್. ಸಮಯ ನಿಮ್ಮ ಅನುಕೂಲಕ್ಕೆ, ದುಡ್ಡು ಜಾಸ್ತಿ. ಆರಂಭದ ಪಾಠಕ್ಕೆ ಇಷ್ಟು ಖರ್ಚು ಮಾಡೋದಕ್ಕಿಂತ, ಮುಂದೆ ಮಾತು ತಡವರಿಸೋ ಹಂತದಲ್ಲಿ, ಅಥವಾ ಯುಕಿ ಪರೀಕ್ಷೆಗೆ ಮುಂಚೆ ಹತ್ತು ಹದಿನೈದು ಪಾಠಕ್ಕೆ ಖರ್ಚು ಮಾಡಿದ್ರೆ ದುಡ್ಡಿಗೆ ಬೆಲೆ ಬರತ್ತೆ.

ಆರನೇದು ಬಿಟ್ಟಿ ಸಿಗೋದು. ಲೈಬ್ರರಿಗಳಲ್ಲಿ 'ಕಿಯೆಲಿಕಹ್ವಿಲ' ಅಂತ ನಡೆಸ್ತಾರೆ, ಭಾಷಾ ಕೆಫೆ. ಕಾಫಿ ಕುಡೀತಾ ಫಿನ್ನಿಷ್‌ನಲ್ಲಿ ಮಾತಾಡೋದು. ನೋಂದಣಿ ಸಾಮಾನ್ಯವಾಗಿ ಬೇಕಿಲ್ಲ. ಅಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಯೂಲೆ, ಸರಳ ಫಿನ್ನಿಷ್‌ನಲ್ಲಿ ಸುದ್ದಿ ಕೊಡತ್ತೆ. ನಿಧಾನವಾಗಿ, ಸಣ್ಣ ವಾಕ್ಯದಲ್ಲಿ ಓದ್ತಾರೆ. ಬೆಳಗ್ಗೆ ಬಸ್ಸಿನಲ್ಲಿ ಕೇಳೋಕೆ ಇದಕ್ಕಿಂತ ಒಳ್ಳೇದಿಲ್ಲ. ಡ್ಯುಯೊಲಿಂಗೋದಲ್ಲೂ 2020ರಿಂದ ಫಿನ್ನಿಷ್ ಇದೆ. ಇನ್ನೂ ಬೆಂಗಳೂರಿನಲ್ಲೇ ಇದ್ದು ವೀಸಾ ಕಾಯ್ತಿರುವವರು ಪದಗಳ ಪರಿಚಯಕ್ಕೆ ಅದನ್ನು ಬಳಸಿ. ಆದ್ರೆ ಅದೊಂದರಿಂದ ಬಿ1 ಮುಟ್ಟೋದು ಆಗಲ್ಲ.

ಇಷ್ಟೆಲ್ಲ ಒಂದೇ ಕಡೆ ಹುಡುಕೋದು ಹೇಗೆ? ಹೆಲ್ಸಿಂಕಿ ಸುತ್ತಮುತ್ತಲಿನವರಿಗೆ 'ಫಿನ್ನಿಷ್‌ಕೋರ್ಸಸ್ ಡಾಟ್ ಎಫ್ಐ' ಅನ್ನೋ ಜಾಲತಾಣ ಇದೆ. ಮಟ್ಟ, ಜಾಗ, ಸಮಯ ಹಾಕಿದ್ರೆ ಬೇರೆ ಬೇರೆ ಸಂಸ್ಥೆಗಳ ಕೋರ್ಸ್‌ಗಳನ್ನು ತೋರಿಸತ್ತೆ. ಬೇರೆ ಊರಿನವರು 'ಇನ್ಫೋಫಿನ್‌ಲ್ಯಾಂಡ್' ಜಾಲತಾಣದಲ್ಲಿ ತಮ್ಮ ಊರಿನ ಪುಟ ನೋಡಬಹುದು. ಅದರಲ್ಲಿ ಕನ್ನಡ ಇಲ್ಲ, ಇಂಗ್ಲಿಷ್ ಇದೆ.

ಕೋರ್ಸ್ ವಿವರ ಓದೋದು ಹೇಗೆ?

ಕೆಲವು ಪದ ಗೊತ್ತಿದ್ರೆ ಸಾಕು. 'ಅಲ್ಕೇತ್' ಅಂದ್ರೆ ಆರಂಭದ್ದು. 'ಯತ್ಕೊ' ಅಂದ್ರೆ ಮುಂದುವರಿದದ್ದು. 'ಲ್ಯಾಹಿಒಪೆತುಸ್' ಅಂದ್ರೆ ಎದುರುಬದುರು ತರಗತಿ, 'ವೆರ್ಕ್ಕೊ' ಅಂತ ಇದ್ರೆ ಆನ್‌ಲೈನ್. 'ಪುಹೆ' ಅಂತ ಇದ್ರೆ ಮಾತಿಗೆ ಒತ್ತು.

ಮಟ್ಟದ ಜೊತೆ ಪುಸ್ತಕವನ್ನೂ ನೋಡಿ. ಹಲವು ಕೋರ್ಸ್‌ಗಳು 'ಸುವೊಮೆನ್ ಮೆಸ್ತರಿ' ಅನ್ನೋ ಪಠ್ಯಪುಸ್ತಕ ಬಳಸ್ತವೆ, ಅದರಲ್ಲಿ ನಾಲ್ಕು ಭಾಗ ಇದೆ. ವಿವರದಲ್ಲಿ "ಭಾಗ 1, ಪಾಠ 4ರಿಂದ" ಅಂತ ಹಾಕಿದ್ರೆ, ಲೈಬ್ರರಿಗೆ ಹೋಗಿ ಆ ಪುಸ್ತಕ ತೆಗೆದು 3ನೇ ಪಾಠ ಓದಿ. ಅರ್ಥವಾದ್ರೆ ಆ ಕೋರ್ಸ್ ನಿಮ್ಮದು. ಬೇರೆ ಸಂಸ್ಥೆಗೆ ಬದಲಾಯಿಸುವಾಗಲೂ ಇದೇ ಒಳ್ಳೇ ಅಳತೆಗೋಲು. ಮಟ್ಟದ ಪರೀಕ್ಷೆ ಕೊಡ್ತೀವಿ ಅಂದ್ರೆ ತಪ್ಪದೆ ಬರೀರಿ.

ಕನ್ನಡ ಬಲ್ಲವರಿಗೆ ಏನು ಸುಲಭ, ಏನು ಕಷ್ಟ?

ಫಿನ್ನಿಷ್‌ಗೂ ಕನ್ನಡಕ್ಕೂ ನೆಂಟಸ್ತಿಕೆ ಇಲ್ಲ. ಅದು ಎಸ್ಟೋನಿಯನ್, ಹಂಗೇರಿಯನ್ ಭಾಷೆಗಳಿರೋ ಯುರಾಲಿಕ್ ಕುಟುಂಬದ್ದು. ಆದ್ರೂ ಕೋರ್ಸ್‌ಗಳು ಹೆಚ್ಚಾಗಿ ಇಂಗ್ಲಿಷ್ ಮೂಲಕ ವಿವರಿಸೋದ್ರಿಂದ, ನಮಗೆ ಸಹಜವಾಗಿ ಬರೋದನ್ನೂ ನಾವು ಕಷ್ಟ ಅಂದ್ಕೊಂಡುಬಿಡ್ತೀವಿ.

ಉದಾಹರಣೆಗೆ 15 ವಿಭಕ್ತಿಗಳಿವೆ ಅಂತ ಮೊದಲ ದಿನವೇ ಹೆದರಿಸ್ತಾರೆ. 'ತಲೊ' ಅಂದ್ರೆ ಮನೆ. 'ತಲೊಸ್ಸ' ಮನೆಯಲ್ಲಿ, 'ತಲೊಸ್ತ' ಮನೆಯಿಂದ, 'ತಲೋನ್' ಮನೆಯೊಳಕ್ಕೆ. ಪದದ ಬಾಲಕ್ಕೆ ಪ್ರತ್ಯಯ ಅಂಟಿಸೋದು ನಮಗೆ ಹೊಸದಾ? 'ನನ್ನ ಹತ್ರ ಕಾರಿದೆ' ಅನ್ನೋದಕ್ಕೆ 'ಮಿನುಲ್ಲ ಒನ್ ಔತೊ' ಅಂತಾರೆ. ಇಂಗ್ಲಿಷಿನ ಹಾಗೆ 'ಹೊಂದಿದ್ದೇನೆ' ಅನ್ನೋ ಕ್ರಿಯಾಪದ ಅಲ್ಲಿಲ್ಲ, ನಮ್ಮ ಹಾಗೇ 'ನನ್ನ ಹತ್ರ ಇದೆ'. ಹ್ರಸ್ವ, ದೀರ್ಘ, ಒತ್ತಕ್ಷರ ಬದಲಾದ್ರೆ ಅರ್ಥ ಬದಲಾಗತ್ತೆ: 'ಮುತ' ಅಂದ್ರೆ ಕೆಸರು, 'ಮೂತ' ಅಂದ್ರೆ ಬೇರೆ ಏನಾದ್ರೂ, 'ಮುತ್ತ' ಅಂದ್ರೆ ಆದರೆ. ನಮ್ಮ ಕಿವಿ ಈ ವ್ಯತ್ಯಾಸಕ್ಕೆ ಚಿಕ್ಕಂದಿನಿಂದ ಪಳಗಿದೆ. ಆದ್ರೆ ಅಸಡ್ಡೆ ಮಾಡಬೇಡಿ. 'ತಪಾನ್ ಸಿನುತ್' ಅಂದ್ರೆ ನಿನ್ನನ್ನು ಭೇಟಿ ಮಾಡ್ತೀನಿ. ಅದೇ 'ತಪನ್ ಸಿನುತ್' ಅಂದ್ರೆ ನಿನ್ನನ್ನು ಕೊಲ್ತೀನಿ!

ಕಷ್ಟ ಇರೋದು ಬೇರೆ ಕಡೆ. 'ದೊಡ್ಡ ಮನೆಯಲ್ಲಿ' ಅನ್ನುವಾಗ ನಾವು ಮನೆಗೆ ಮಾತ್ರ 'ಅಲ್ಲಿ' ಸೇರಿಸ್ತೀವಿ. ಅವರು 'ದೊಡ್ಡ' ಅನ್ನೋದಕ್ಕೂ ಸೇರಿಸ್ತಾರೆ: 'ಇಸೊಸ್ಸ ತಲೊಸ್ಸ'. ಪ್ರತ್ಯಯ ಸೇರುವಾಗ ಪದದ ಒಳಗಿನ ಅಕ್ಷರವೇ ಬದಲಾಗೋದುಂಟು. ಹೆಲ್ಸಿಂಕಿ ಅನ್ನೋದು, ಹೆಲ್ಸಿಂಕಿಯಲ್ಲಿ ಅನ್ನುವಾಗ 'ಹೆಲ್ಸಿಂಗಿಸ್ಸ' ಆಗತ್ತೆ. 'ಪಾರ್ಟಿಟಿವ್' ಅಂತ ಒಂದು ವಿಭಕ್ತಿ ಇದೆ, ಅದಕ್ಕೆ ಕನ್ನಡದಲ್ಲಿ ನೇರ ಜೋಡಿ ಇಲ್ಲ. ಟೀಚರ್ ಸಮಯ ಸಿಕ್ಕಾಗ ಇವುಗಳ ಬಗ್ಗೆ ಕೇಳಿ.

ಇನ್ನೊಂದು ಮುಖ್ಯ ವಿಷಯ. ನಾವು 'ಬರುತ್ತೇನೆ' ಅಂತ ಬರೆದು 'ಬರ್ತೀನಿ' ಅಂತ ಮಾತಾಡೋ ಹಾಗೆ, ಅಲ್ಲೂ ಬರಹ ಬೇರೆ, ಆಡುಮಾತು ಬೇರೆ. 'ನಾನು ಇದ್ದೀನಿ' ಅನ್ನೋದಕ್ಕೆ ಪುಸ್ತಕದಲ್ಲಿ 'ಮಿನ್ಯಾ ಒಲೆನ್', ಬಾಯಲ್ಲಿ 'ಮ್ಯಾ ಓನ್'. ಪುಸ್ತಕ ಮಾತ್ರ ಕಲಿಸೋ ಕೋರ್ಸ್ ಮುಗಿಸಿ ಬಂದವರಿಗೆ ಆಫೀಸಿನ ಕಾಫಿ ಕೋಣೆಯಲ್ಲಿ ಒಂದಕ್ಷರ ಅರ್ಥ ಆಗಲ್ಲ. ಕೋರ್ಸ್ ಸೇರುವಾಗ "ಪುಹೆಕಿಯೆಲಿ ಕಲಿಸ್ತೀರಾ?" ಅಂತ ಕೇಳಿ. ಅಂದ್ರೆ ಆಡುಮಾತು.

ಪರೀಕ್ಷೆಯ ತಯಾರಿ ಬೇರೆ

ಯುಕಿಯಲ್ಲಿ ಓದು, ಬರಹ, ಕೇಳುವಿಕೆ, ಮಾತು ಅಂತ ನಾಲ್ಕು ಭಾಗ. ಪೌರತ್ವಕ್ಕೆ ನಾಲ್ಕರಲ್ಲೂ 3 ಬರಬೇಕು ಅಂತಿಲ್ಲ, ನಿಗದಿಯಾದ ಜೋಡಿಗಳಲ್ಲಿ ಒಂದು ಬಂದ್ರೆ ಸಾಕು. ಉದಾಹರಣೆಗೆ ಮಾತು ಮತ್ತು ಬರಹ. ನಡುಮಟ್ಟದ ಪರೀಕ್ಷೆಯಲ್ಲಿ ಮಾತಿನ ಭಾಗಕ್ಕೆ ಎದುರಿಗೆ ಮನುಷ್ಯ ಕೂತಿರಲ್ಲ. ಹೆಡ್‌ಫೋನ್ ಹಾಕ್ಕೊಂಡು, ಕೊಟ್ಟ ಸಮಯದೊಳಗೆ ರೆಕಾರ್ಡ್ ಆಗೋ ಹಾಗೆ ಉತ್ತರಿಸಬೇಕು. ಭಾಷೆ ಬಂದವರೂ ಇಲ್ಲಿ ತಬ್ಬಿಬ್ಬಾಗ್ತಾರೆ. ಅದಕ್ಕೇ ಯುಕಿ ತಯಾರಿ ಅಂತ ಪ್ರತ್ಯೇಕ ಸಣ್ಣ ಕೋರ್ಸ್‌ಗಳಿವೆ. ಬಿ1ರ ಹತ್ತಿರ ಬಂದ ಮೇಲೆ ಸೇರಿ. ಎ1ರಲ್ಲಿ ಇರುವಾಗ ಸೇರಿದ್ರೆ ದುಡ್ಡು ದಂಡ. ಪರೀಕ್ಷೆಯ ಸೀಟಿಗೂ ಪೈಪೋಟಿ ಇದೆ. ಅರ್ಜಿ ಹಾಕೋ ವರ್ಷಕ್ಕಿಂತ ಮುಂಚೆಯೇ ಬರೆಯೋ ಯೋಚನೆ ಮಾಡಿ.

ಸ್ವೀಡಿಷ್ ಕಲಿತ್ರೂ ಕಾಗದ ಪತ್ರಕ್ಕೆ ನಡೆಯತ್ತೆ. ಇಂಗ್ಲಿಷ್ ಬಲ್ಲವರಿಗೆ ಅದು ಸುಲಭ. ಆದ್ರೆ ಅದು ಮಾತೃಭಾಷೆ ಆಗಿರೋದು ನೂರಕ್ಕೆ ಐದು ಜನಕ್ಕೆ. ಕರಾವಳಿಯ ಕೆಲವು ಊರು ಬಿಟ್ರೆ ಕೆಲಸಕ್ಕೂ ಬದುಕಿಗೂ ಫಿನ್ನಿಷ್ಷೇ ಗತಿ.

ಯಾರಿಗೆ ಯಾವುದು?

ಎಸ್ಪೋದಲ್ಲಿ ಕೆಲಸದಲ್ಲಿರೋ ಎಂಜಿನಿಯರ್ ಒಬ್ಬರನ್ನು ಊಹಿಸ್ಕೊಳ್ಳಿ. ಅವರಿಗೆ ವಾರಕ್ಕೆ ಎರಡು ಸಂಜೆಯ ಕನ್ಸಲೈಸ್‌ಒಪಿಸ್ತೊ ಕೋರ್ಸ್, ಬೇಸಿಗೆಯಲ್ಲಿ ಒಂದು ಇಂಟೆನ್ಸಿವ್, ಕಂಪನಿ ಪಾಠ ಇದ್ರೆ ಅಭ್ಯಾಸಕ್ಕೆ. ಕೆಲಸ ಇರುವಾಗಲೇ ಶುರುಮಾಡಬೇಕು ಅನ್ನೋದಕ್ಕೆ ಕಾರಣ ಇದೆ. 2025ರ ಜೂನ್‌ನಿಂದ, ಕೆಲಸದ ಪರವಾನಗಿಯಲ್ಲಿ ಇರುವವರ ಕೆಲಸ ಹೋದ್ರೆ ಹೊಸದು ಹುಡುಕೋಕೆ 3 ತಿಂಗಳು ಸಮಯ. ತಜ್ಞ ವರ್ಗದವರಿಗೆ, 2 ವರ್ಷಕ್ಕಿಂತ ಹೆಚ್ಚು ಕಾಲ ಆ ಪರವಾನಗಿಯಲ್ಲಿ ಇದ್ದವರಿಗೆ 6 ತಿಂಗಳು. ಅಷ್ಟರಲ್ಲಿ ಭಾಷೆ ಕಲಿತು ಬೇರೆ ಕ್ಷೇತ್ರಕ್ಕೆ ಹಾರೋದು ಆಗದ ಮಾತು.

ಎಂ.ಕಾಂ ಓದಿ ಹುಬ್ಬಳ್ಳಿಯಲ್ಲಿ ಅಕೌಂಟ್ಸ್ ಕೆಲಸ ಮಾಡ್ತಿದ್ದು, ಗಂಡನ ಜೊತೆ ಹೋದ ಒಬ್ಬರು ಅಂತಿಟ್ಕೊಳ್ಳಿ. ಅವರ ಮೊದಲ ಬಾಗಿಲು ಊರಿನ ಉದ್ಯೋಗ ಸೇವೆ ಮತ್ತು ಪೂರ್ಣಾವಧಿ ತರಬೇತಿ. ಅದಕ್ಕೆ ಕಾಯೋ ತಿಂಗಳುಗಳಲ್ಲಿ ಸಂಜೆ ಕೋರ್ಸ್, ಭಾಷಾ ಕೆಫೆ. ಗಂಡ ಮಗುವನ್ನು ಡೇಕೇರ್‌ಗೆ ಬಿಟ್ಟು ಕರ್ಕೊಂಡು ಬರೋದು ಈ ಯೋಜನೆಯ ಭಾಗವೇ. ಅದು ಇಲ್ಲದೆ ಎಷ್ಟು ಒಳ್ಳೇ ಕೋರ್ಸ್ ಇದ್ರೂ ಪ್ರಯೋಜನ ಇಲ್ಲ. ಮನೆಯಲ್ಲಿ ಇಬ್ಬರಲ್ಲಿ ಯಾರ ಗಂಟೆಗಳನ್ನು ಮೊದಲು ಕಾಯಬೇಕು ಅಂತ ಕೂತು ಮಾತಾಡಿ. ಇಂಗ್ಲಿಷ್‌ನಲ್ಲಿ ನಡೆಯೋ ಕೆಲಸ ಇರುವವರಿಗಿಂತ, ಭಾಷೆ ಇಲ್ಲದೆ ಕೆಲಸವೇ ಸಿಗದವರಿಗೆ ಆ ಗಂಟೆಗಳು ಹೆಚ್ಚು ಬೇಕು.

ಈ ವಾರ ಮಾಡಬೇಕಾದ್ದು ಇಷ್ಟು. ಯಾತಕ್ಕೆ ಬೇಕು ಅಂತ ಒಂದು ಸಾಲು ಬರೀರಿ. ವಾರಕ್ಕೆ ನಿಜವಾಗಿ ಎಷ್ಟು ಗಂಟೆ ಕೊಡಬಲ್ಲಿರಿ ಅಂತ ಲೆಕ್ಕ ಹಾಕಿ. ಹತ್ತಿರದ ಕೇಂದ್ರದ ನೋಂದಣಿ ದಿನಾಂಕ ಕ್ಯಾಲೆಂಡರ್‌ಗೆ ಹಾಕಿ. ಸೇರೋ ಕೋರ್ಸಿನ ಹೆಸರಿನ ಕೆಳಗೆ, ಅದರ ಮುಂದಿನ ಎರಡು ಕೋರ್ಸ್‌ಗಳ ಹೆಸರನ್ನೂ ಬರೆದಿಡಿ.

ಪ್ರಶ್ನೆಗಳಿದ್ರೆ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಉತ್ತರಿಸ್ತೀನಿ.